ಬ್ರೌಸರ್ ತೆರೆಯದ ಬುಧವಾರ

ಪೊನ್ನಂಪೇಟೆ ಹತ್ತಿರದ ಒಂದು ಊರಿನ ಗ್ರಂಥಾಲಯವನ್ನು ನಾನು ಕೆಲವು ವರ್ಷ ನೋಡಿಕೊಳ್ಳುತ್ತಿದ್ದೆ. ಅಲ್ಲಿ ಓದುಗರಿಗಾಗಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟವರು ಅಡ್ಮಿನ್ ಪಾಸ್‌ವರ್ಡ್ ಯಾರಿಗೂ ಹೇಳದೆ ಬೇರೆ ಊರಿಗೆ ಹೋಗಿಬಿಟ್ಟಿದ್ದರು. ಹಾಗಾಗಿ ಹೊಸದನ್ನು ಇನ್‌ಸ್ಟಾಲ್ ಮಾಡುವಂತಿರಲಿಲ್ಲ, ಇದ್ದದ್ದನ್ನು ಅಪ್‌ಡೇಟ್ ಮಾಡುವಂತೆಯೂ ಇರಲಿಲ್ಲ. ಪರೀಕ್ಷೆಯ ಫಲಿತಾಂಶ ನೋಡುವವರಿಗೆ ಅಷ್ಟು ಸಾಕಾಗಿತ್ತು.

ಬುಧವಾರಗಳಂದು ಕುಟ್ಟದ ಕಡೆಯಿಂದ ಬರುವ ಬಸ್ಸಿನಲ್ಲಿ ಗಂಡ ಹೆಂಡತಿ ಇಬ್ಬರು ಬರುತ್ತಿದ್ದರು. ಗಂಡ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಬೆಳಿಗ್ಗೆ ಆಳುಗಳ ಹಾಜರಿ ಕೂಗುವುದು, ಪಿಕ್ಕಿಂಗ್ ಅಂದರೆ ಹಣ್ಣು ಕೊಯ್ದದ್ದರ ಲೆಕ್ಕ ಬರೆಯುವುದು ಅವರ ಕೆಲಸ. ಸ್ಟ್ರೋಕ್ ಆದ ಮೇಲೆ ಕೈಕಾಲು ಸುಮಾರಾಗಿ ಸರಿಹೋಯಿತು, ಮಾತು ಬರಲಿಲ್ಲ. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ತಾವು ಹೇಳಹೊರಟರೆ "ಹಾಂ" ಎಂಬುದೊಂದೇ ಹೊರಡುತ್ತಿತ್ತು. ಮೈಸೂರಿನ ವಾಕ್ ತಜ್ಞೆಯೊಬ್ಬರು ವಿಡಿಯೊ ಮೂಲಕ ಅಭ್ಯಾಸ ಮಾಡಿಸುತ್ತಿದ್ದರು. ಎಸ್ಟೇಟಿನ ಮನೆಯಲ್ಲಿ ಫೋನಿಗೆ ರೇಂಜ್ ಇಲ್ಲದ್ದರಿಂದ ಗಂಡ ಹೆಂಡತಿ ನಮ್ಮಲ್ಲಿಗೆ ಬರುತ್ತಿದ್ದರು.

ಒಂದು ಬುಧವಾರ ಆ ವಿಡಿಯೊ ಕರೆಯ ಪುಟ ತೆರೆಯಲಿಲ್ಲ. ನಿಮ್ಮ ಬ್ರೌಸರ್ ತೀರ ಹಳೆಯದು ಎಂದು ಪರದೆಯ ಮೇಲೆ ಬಂತು.

"ಇವತ್ತು ಆಗಲ್ವಾ ಮೇಡಂ?" ಎಂದರು ಹೆಂಡತಿ. ಅವರು ಸೋಮವಾರಪೇಟೆ ಕಡೆಯವರು, ಮಾತು ಜೋರು. "ಎರಡು ಬಸ್ ಬದಲಾಯಿಸ್ಕೊಂಡು ಬಂದಿದೀವಿ."

"ನೋಡೋಣ, ಕೂತ್ಕೊಳ್ಳಿ" ಎಂದೆ.

ಇನ್‌ಸ್ಟಾಲ್ ಮಾಡದೆಯೇ ಓಡುವ ಬ್ರೌಸರುಗಳಿವೆ. ಎಲ್ಲವೂ ಒಂದೇ ಫೈಲಿನಲ್ಲಿ ಅಡಕವಾಗಿರುತ್ತದೆ. ಅಂಥದ್ದೊಂದನ್ನು ಇಳಿಸಿಕೊಂಡು ಡಬಲ್ ಕ್ಲಿಕ್ ಮಾಡಿದೆ. ಏನೂ ಆಗಲಿಲ್ಲ. ತಪ್ಪು ಎಲ್ಲಿದೆ ಎಂದು ತಿಳಿಯಲು ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ ತೆರೆದು ಅಲ್ಲಿಂದ ಓಡಿಸಿದೆ. ಕಪ್ಪು ಪರದೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಇಳಿಸಿಕೊಂಡ ಫೈಲಿಗೆ ಓಡುವ ಅನುಮತಿ ಕೊಟ್ಟಿರಲಿಲ್ಲ, ಅಷ್ಟೆ. ಅನುಮತಿ ಕೊಡುವ ಆಜ್ಞೆ ಟೈಪ್ ಮಾಡಿ ಎಂಟರ್ ಒತ್ತಿದೆ, ಪರದೆಯ ಮೇಲಿದ್ದ ಸಾಲನ್ನೂ ಅಳಿಸಿದೆ. ಅಷ್ಟರಲ್ಲಿ ನನ್ನ ಬೆನ್ನ ಹಿಂದಿನಿಂದ ಒಂದು ದನಿ ಕೇಳಿಸಿತು.

"ಡಿನೈಡ್."

ರೈಟರ್ ಕುರ್ಚಿಯಿಂದ ಮುಂದಕ್ಕೆ ಬಾಗಿದ್ದರು. ಹೆಂಡತಿ ಅವರ ತೋಳು ಹಿಡಿದುಕೊಂಡರು. "ಏನಂದ್ರಿ? ಇನ್ನೊಂದ್ಸಲ ಹೇಳಿ!"

"ಹಾಂ" ಎಂದರು ಅವರು. ಮತ್ತೆ ಬಾಯಿ ತೆರೆದರು. "ಹಾಂ."

"ಅದನ್ನೇ ಮತ್ತೆ ತೋರಿಸಿ ಮೇಡಂ. ಅಲ್ಲಿದ್ದಿದ್ದನ್ನ ಓದಿದ್ರು ಇವ್ರು. ನಾನು ಕೇಳಿಸ್ಕೊಂಡೆ."

ಸರಿಪಡಿಸಿದ್ದನ್ನು ಬೇಕೆಂದೇ ಕೆಡಿಸುವುದು ಒಂದು ಆಜ್ಞೆಯ ಕೆಲಸ. ಕೊಟ್ಟ ಅನುಮತಿಯನ್ನು ಹಿಂದಕ್ಕೆ ಪಡೆದು ಫೈಲನ್ನು ಮತ್ತೆ ಓಡಿಸಿದೆ, ಅಕ್ಷರಗಳನ್ನು ದೊಡ್ಡದು ಮಾಡಿದೆ. ಅವರು ಬೆರಳನ್ನು ಪರದೆಯ ಹತ್ತಿರ ಹಿಡಿದು ಒಂದೊಂದೇ ಅಕ್ಷರ ದಾಟಿದರು.

"ಪರ್...ಮಿಷನ್. ಡಿನೈಡ್."

ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ, "ಇನ್ನೇನೇನು ತಪ್ಪು ಬರುತ್ತೆ ಮೇಡಂ?" ಎಂದು ಕೇಳಿದರು.

ಬೇಕಾದಷ್ಟು ಬಂದವು. ಅನುಮತಿ ಸಿಕ್ಕ ಮೇಲೆ ಫೈಲು ತನಗೆ ಬೇಕಾದ ಇನ್ನೊಂದು ಸಾಫ್ಟ್‌ವೇರ್ ಈ ಕಂಪ್ಯೂಟರಿನಲ್ಲಿ ಇಲ್ಲವೆಂದಿತು. ಬಿಚ್ಚಿ ಫೋಲ್ಡರಿಗೆ ಹರಡಿಕೊಂಡರೆ ಅದಿಲ್ಲದೆಯೂ ನಡೆಯುತ್ತದೆ, ಹಾಗೆ ಮಾಡಿದೆ. ಆಗ ಸುರಕ್ಷತೆಯ ವ್ಯವಸ್ಥೆ ಸರಿಯಿಲ್ಲ ಎಂದು ನಿಂತಿತು. ಅದನ್ನು ಆಫ್ ಮಾಡಿ ಓಡಿಸುವ ದಾರಿಯಿತ್ತು, ಆದರೆ ಹತ್ತು ಜನ ಬಳಸುವ ಕಂಪ್ಯೂಟರಿನಲ್ಲಿ ಹಾಗೆ ಮಾಡುವ ಮನಸ್ಸಾಗಲಿಲ್ಲ. ಪ್ರತಿ ಸಲವೂ ರೈಟರ್ ಪರದೆ ನೋಡಿ ಒಂದೆರಡು ಪದ ಓದುತ್ತಿದ್ದರು. "ಎರರ್" ಸಲೀಸಾಗಿ ಬಂತು. "ಫೇಲ್ಡ್" ಬರಲೇ ಇಲ್ಲ.

ಕೊನೆಗೆ ಬೇರೊಂದು ಬ್ರೌಸರನ್ನು ಇಳಿಸಿಕೊಂಡೆ. ಬಿಚ್ಚಿದೆ, ಒತ್ತಿದೆ, ತೆರೆಯಿತು. ತಜ್ಞೆ ಇನ್ನೂ ಕಾಯುತ್ತಿದ್ದರು. ಹೆಂಡತಿ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದರು. ತಜ್ಞೆ ಹೆಚ್ಚೇನೂ ಆಶ್ಚರ್ಯಪಡಲಿಲ್ಲ. ಕೆಲವರಿಗೆ ಆಡುವ ಮಾತಿಗಿಂತ ಓದುವ ಮಾತು ಮೊದಲು ಬರುತ್ತದೆ, ಇವರು ಇಂಗ್ಲಿಷಿನಲ್ಲಿ ಲೆಕ್ಕ ಬರೆದವರಲ್ಲವೇ, ಇನ್ನು ಅಲ್ಲಿಂದಲೇ ಶುರುಮಾಡೋಣ ಎಂದರು.

ಮುಂದಿನ ವಾರ ರೈಟರ್ "ಡಿನೈಡ್" ಎನ್ನಲಾಗದೆ ಮೇಜು ಗುದ್ದಿದರು. ಅದರ ಮುಂದಿನ ವಾರ "ಬಸ್", "ಕಾಫಿ" ಎಂದರು. ಹೀಗೇ ಬರುತ್ತಾ, ಹೋಗುತ್ತಾ ಇತ್ತು. ಪಿಕ್ಕಿಂಗ್ ಮುಗಿಯುವ ಹೊತ್ತಿಗೆ ಅವರು ಎಸ್ಟೇಟಿನ ಮನೆ ಬಿಟ್ಟು ಕುಶಾಲನಗರದಲ್ಲಿ ಮನೆ ಮಾಡಿದರು. ಅಲ್ಲಿ ಫೋನಿನಲ್ಲೇ ಎಲ್ಲ ಆಗುತ್ತಿತ್ತು, ನಮ್ಮಲ್ಲಿಗೆ ಬರುವ ಅಗತ್ಯ ಉಳಿಯಲಿಲ್ಲ.

ಒಮ್ಮೆ ಹೆಂಡತಿ ಫೋನ್ ಮಾಡಿದ್ದರು. ಹಿಂದೆ ಸಂತೆಯ ಗದ್ದಲವಿತ್ತು.

"ಇವ್ರು ಶುಂಠಿ ಕೊಳೆತಿದೆ ಅಂತ ಅಂಗಡಿಯವನ ಹತ್ರ ಜಗಳಕ್ಕೆ ನಿಂತಿದಾರೆ ಮೇಡಂ. ಅರ್ಧ ಮಾತು ಬರಲ್ಲ, ಆದ್ರೂ ಬಿಡ್ತಿಲ್ಲ. ಇರಿ, ಕರ್ಕೊಂಡು ಬಂದು ಆಮೇಲೆ ಫೋನ್ ಮಾಡ್ತೀನಿ."