ವಿಡಿಯೊ ಟೀಚರಿಗೆ ತಂದ ಹೋಳಿಗೆ

"ಟೀಚರ್ ಅದಾರೇನ್ರಿ?" ಎನ್ನುತ್ತ ಪುಣೆಯ ಹಡಪಸರದ ನಮ್ಮ ಕಚೇರಿಗೆ ಶರಣಮ್ಮ ಬಂದರು. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಇಲ್ಲಿಗೆ ಬಂದವರು. ನಮ್ಮ ಆನ್‌ಲೈನ್ ಹೊಲಿಗೆ ತರಗತಿಯ ಕನ್ನಡ ವಿಡಿಯೊ ನೋಡಿ ಬ್ಲೌಸ್ ಹೊಲಿಯಲು ಕಲಿತಿದ್ದರು. ಕಲಿಸಿದ ಟೀಚರಿಗೆಂದು ಡಬ್ಬಿ ತುಂಬ ಶೇಂಗಾ ಹೋಳಿಗೆ ತಂದಿದ್ದರು.

ವಿಡಿಯೊದಲ್ಲಿರುವ ಟೀಚರ್ ನಿಜವಾದವರಲ್ಲ, ಎಐ ಸೃಷ್ಟಿ ಎಂದೆ. ಶರಣಮ್ಮನ ಮುಖ ಸಣ್ಣದಾಯಿತು.

"ಹತ್ತು ಸಲ ವಿಡಿಯೊ ಹಚ್ಚಿ ಕೇಳಿದ್ರೂ ಬ್ಯಾಸರಾಗಲಿಲ್ರಿ ಅವ್ರಿಗೆ," ಎಂದರು. ಆಮೇಲೆ, "ಹಂಗಾರ ಆ ಪಾಠ ಬರ್ದವ್ರು ಯಾರ್ರಿ?" ಎಂದು ಕೇಳಿದರು.

"ನಾನೇ ರೀ."

"ಹಂಗಾದ್ರ ನೀವ ತಗೋರಿ," ಎಂದು ಡಬ್ಬಿಯನ್ನು ನನ್ನ ಕೈಗಿಟ್ಟರು.

ಟೀಚರ್ ಎಐ ಸೃಷ್ಟಿ ಎಂಬುದನ್ನು ಈಗ ಪ್ರತಿ ವಿಡಿಯೊದ ಆರಂಭದಲ್ಲೇ ಹೇಳುತ್ತೇವೆ. ಪಾಠ ಬರೆಯುವಾಗ ಮಾತ್ರ ಶರಣಮ್ಮ ನನ್ನೆದುರು ಕೂತು ಕೇಳುತ್ತಿದ್ದಾರೆ ಎಂದುಕೊಂಡೇ ಬರೆಯುತ್ತೇನೆ.