ಚಾಂದ್‌ಖೇಡಾಕ್ಕೆ ತಂದ ಹಾರ್ಮೋನಿಯಂ

ಆ ಭಾನುವಾರ ನಮ್ಮ ಕನ್ನಡ ಓದುಬಳಗಕ್ಕೆ ಚಾಂದ್‌ಖೇಡಾದ ನನ್ನ ಮನೆಯೇ ಬೇಕಾಯಿತು. ಬೇಡ ಎಂದರೆ ಯಾರು ಕೇಳುತ್ತಾರೆ! ಅದೇ ಸಂಜೆ ಮಗಳು ತನ್ನ ತೀರ್ಮಾನ ಹೇಳುವವಳಿದ್ದಳು: ಹನ್ನೊಂದನೇ ಕ್ಲಾಸಿಗೆ ನನ್ನ ಹತ್ತಿರವೋ, ವಡೋದರಾದಲ್ಲಿ ಅಪ್ಪನ ಹತ್ತಿರವೋ. ಉತ್ತರ ಕೇಳಲು ಅವಳಪ್ಪ ಬರುವವರಿದ್ದರು. 

ಚರ್ಚೆಗಿದ್ದ ಕಾದಂಬರಿಯಲ್ಲಿ ಗಂಡನನ್ನು ಬಿಟ್ಟು ಹೊರಟವಳು ತಂಬೂರಿ ಒಂದನ್ನೇ ಎತ್ತಿಕೊಂಡು ಹೋಗುತ್ತಾಳೆ. "ತಂಬೂರಿ ಅಂದ್ರೆ ಇಲ್ಲಿ ಮನೆಯ ಸಂಕೇತ" ಎಂದರು ಒಬ್ಬರು. ಸಂಕೇತವಂತೆ, ಸಂಕೇತ! ವಡೋದರಾದ ಅಲ್ಕಾಪುರಿಯಲ್ಲಿ ನಮ್ಮ ಹೋಟೆಲಿನ ಮೇಲಿದ್ದ ಮನೆ ಬಿಟ್ಟಾಗ ನಾನೂ ಹಾರ್ಮೋನಿಯಂ ಒಂದನ್ನೇ ಹಟ ಹಿಡಿದು ತಂದವಳು. ಅಲ್ಲಿ ದಿನಾ ಮುಸ್ಸಂಜೆ ಗಲ್ಲಾದ ಹಿಂದಿನ ದೇವರಿಗೆ ದೀಪ ಹಚ್ಚಿದರೆ ಒಂದು ಭಜನೆ ಮುಗಿಯುವವರೆಗೆ ಕಾವಲಿಗೆ ದೋಸೆ ಹಾಕುವಂತಿಲ್ಲ, ಗಿರಾಕಿ ಎಷ್ಟೇ ಗೊಣಗಲಿ. ನಾನು ನುಡಿಸುವುದು, ಮಗಳು ಹಾಡುವುದು. ಹಾರ್ಮೋನಿಯಂ ಇದ್ದಲ್ಲಿ ಅವಳೂ ಇರುತ್ತಾಳೆ ಎಂದು ನಂಬಿದ್ದೆ. ಇಲ್ಲಿಗೆ ಬಂದ ಮೇಲೆ ಅವಳು ಹಾಡಲೇ ಇಲ್ಲ. ಹಾಡುವುದೇನಿದ್ದರೂ ರಜೆಯಲ್ಲಿ ಅಪ್ಪನ ಬಳಿ ಹೋದಾಗ.

ಅಷ್ಟರಲ್ಲಿ ಅವಳಪ್ಪ ಬಂದು ಬಾಗಿಲ ಬಳಿ ಕುಳಿತರು. ಯಾರೋ ಪುಣ್ಯಾತ್ಮರು "ಮಗಳು ಒಂದು ಹಾಡಲಿ" ಎಂದುಬಿಟ್ಟರು. ಅವಳು ಎದ್ದು ಬಂದಳು! ನಾನು ಆಗ ಹೋಟೆಲಿನಲ್ಲಿ ನುಡಿಸುತ್ತಿದ್ದ ಶ್ರುತಿಯನ್ನೇ ಹಿಡಿದು ತಿದಿ ಒತ್ತಿದೆ. ಎರಡನೇ ಸಾಲಿಗೆ ಅವಳ ಸ್ವರ ಒಡೆಯಿತು.

"ಅಮ್ಮಾ, ಇಷ್ಟು ಮೇಲೆ ನನಗೆ ಈಗ ಆಗೂದಿಲ್ಲ. ಥೋಡಾ ಕೆಳಗೆ ತಗೋ."

"ಎಲ್ಲಿಂದ?"

ಅವಳು ಅಪ್ಪನ ಕಡೆ ನೋಡಿದಳು. ಅವರು ಮೆಲ್ಲಗೆ ಗುನುಗಿ ತೋರಿಸಿದರು. ನನ್ನ ಹೊಟ್ಟೆ ಉರಿದುಹೋಯಿತು. ದಿನಾ ಬಡಿಸಿ, ಜಡೆ ಹಾಕಿ ಶಾಲೆಗೆ ಕಳಿಸುವವಳು ನಾನು. ಮಗಳ ದನಿ ಎಲ್ಲಿಗೆ ಇಳಿದಿದೆಯೆಂದು ಗೊತ್ತಿದ್ದದ್ದು ಅವರಿಗೆ. ಅವರು ತೋರಿಸಿದಲ್ಲಿಂದಲೇ ನುಡಿಸಿದೆ. ಅವಳು ಪೂರ್ತಿ ಹಾಡಿದಳು, ಎಷ್ಟು ಚೆಂದ ಹಾಡಿದಳು!

ಬಳಗದವರೆಲ್ಲ ಹೋದ ಮೇಲೆ ಮಗಳನ್ನು ಕೇಳಿದೆ: "ಹೇಳು, ಎಲ್ಲಿ?"

"ಪಪ್ಪನ ಹತ್ರ, ಅಮ್ಮಾ. ನೀನೂ ಬಾ."

ಅವಳಪ್ಪ ನೆಲ ನೋಡುತ್ತಿದ್ದರು. ಬಾ ಎನ್ನಲಿಲ್ಲ. ಎಂದಿದ್ದರೂ ನಾನು ಹೋಗುತ್ತಿರಲಿಲ್ಲ.

"ಬಟ್ಟೆ ತುಂಬಿಸ್ಕೋ, ಹೊತ್ತಾಗ್ತದೆ" ಎಂದೆ.

ಅವಳು ಒಳಗೆ ಹೋಗಿ ಬಟ್ಟೆ ಮಡಚುತ್ತ ತನ್ನಷ್ಟಕ್ಕೆ ಹಾಡಿಕೊಳ್ಳತೊಡಗಿದಳು. ನನ್ನ ಮನೆಯಲ್ಲಿ, ಯಾರೂ ಹಾಡು ಎನ್ನದೆ, ಅದೇ ಮೊದಲು. ಕೋಣೆಯ ಹೊರಗೆ ನಿಂತು ಕೇಳಿದೆ, ಅಳು ತಡೆಯಲಾಗಲಿಲ್ಲ.