ಗೇಟಿನ ಹೊರಗಿನ ಶನಿವಾರ

ನಾನು ಕರ್ಪೂರ ಹಚ್ಚಿದರೆ ಸಾಕು, ನಾದಿನಿ ರಾಜಿ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. "ನಿಮ್ಮ ಸಾಮಿಗೂ ಕೆಮ್ಮು ಬರ್ತದೆ ಅತ್ತಿಗೆ, ಪಾವಂ!" ಎನ್ನುವಳು. ಚಾಮರಾಜನಗರದ ಕಡೆಯಿಂದ ತಮಿಳು ಸೀಮೆಯ ಕುರಿಚಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಆ ಮಾತು ಕೇಳಿ ದೇವರ ಮುಂದೆ ತಪ್ಪುಕಾಣಿಕೆ ಇಟ್ಟಿದ್ದೆ. ಆದರೂ ನನಗೆ ಜ್ವರ ಬಂದಾಗ ಪಕ್ಕದಲ್ಲಿ ಕೂತು ರಸಂ ಕುಡಿಸಿದವಳು ಅವಳೇ. ಅಷ್ಟು ಪುಣ್ಯ ನನಗಿತ್ತು.

ರಾಜಿ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದಳು. ಎಂಬತ್ತರ ದಶಕದ ಮೊದಲ ವರ್ಷಗಳವು. ಕಂಪ್ಯೂಟರ್ ಎಂದರೆ ಕೋಣೆ ತುಂಬುವ ಯಂತ್ರ. ಪೊಳ್ಳಾಚಿ ರಸ್ತೆಯ ಗಂಡುಹುಡುಗರ ಕಾಲೇಜೊಂದರಲ್ಲಿ ಮಾತ್ರ ಅದಿತ್ತು. ರಾಜಿ ಸುತ್ತಲಿನ ಕಾಲೇಜುಗಳಿಗೆಲ್ಲ ಅಲೆದು, ಪ್ರಿನ್ಸಿಪಾಲರನ್ನು ಒಟ್ಟಿಗೆ ಕೂರಿಸಿ, ವಾರದಲ್ಲಿ ಒಂದೊಂದು ದಿನ ಒಂದೊಂದು ಕಾಲೇಜಿಗೆ ಯಂತ್ರ ಸಿಗುವಂತೆ ಒಪ್ಪಿಸಿದಳು. ಅವಳ ಹುಡುಗಿಯರಿಗೆ ಶನಿವಾರ. ಯಂತ್ರಕ್ಕೆ ಲೆಕ್ಕ ಉಣಿಸಲು ತೂತು ಹೊಡೆದ ರಟ್ಟಿನ ಕಾರ್ಡುಗಳ ಡಬ್ಬ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗುವಳು. "ಎನ್ನ ಟೀಚರಮ್ಮಾ, ಮುರುಕ್ಕಾ?" ಎಂದು ಚಕ್ಕುಲಿಯ ಡಬ್ಬವೆಂದುಕೊಂಡು ಕೇಳಿದ ಕಂಡಕ್ಟರಿಗೆ, "ಆಮಾಪ್ಪಾ, ಮೆಷಿನ್ ತಿನ್ನೋ ಮುರುಕ್ಕು" ಎಂದಿದ್ದಳಂತೆ.

ಒಂದು ಆಯುಧಪೂಜೆಗೆ, ಯಂತ್ರ ನೋಡಿಕೊಳ್ಳುತ್ತಿದ್ದ ಪಳನಿಸಾಮಿ, ಫೌಂಡ್ರಿಯಲ್ಲಿ ಅವನಪ್ಪ ಮಾಡುವಂತೆಯೇ ಎಲ್ಲ ಮಾಡಿದ. ಕಾರ್ಡು ನುಂಗುವ ಬಾಯಿಗೇ ಗಂಧ ಬಳಿದು, ಕುಂಕುಮವಿಟ್ಟು, ಮುಚ್ಚಿದ ಎ.ಸಿ. ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ತುಂಬಿಸಿದ. ಯಂತ್ರ ನಿಂತೇಹೋಯಿತು. ಎಲ್ಲ ಕಾಲೇಜಿನವರೂ ಸೇರಿ, ಪೂಜೆ ಮಾಡಲು ಹೇಳಿದ್ದು ಯಾರೆಂದು ಗದರಿದಾಗ, ರಾಜಿ ಎದ್ದು "ನಾನೇ" ಎಂದಳು.

ಆ ಸಂಜೆ ಮೊಸರನ್ನ ಕಲಸುತ್ತ ಅವಳೇ ಹೇಳಿದ್ದು.

"ಸುಳ್ಳು ಹೇಳಿದೆಯಾ ರಾಜಿ? ಅದೂ ಪೂಜೆಯ ವಿಷಯದಲ್ಲಿ?"

"ಅವನ ವೇಲೆ ಹೋಗಿ ಸಂಬಳ ನಿಂತ್ರೆ ಮನೇಲಿ ಎಲ್ರೂ ಅನ್ನ ಇಲ್ದೆ ಪಟ್ಟಿನಿ ಬೀಳ್ತಾರೆ ಅತ್ತಿಗೆ. ಸಾಮಿ ಇಲ್ಲ ಅನ್ನೋ ನನ್ನ ಬೋಳು ಹಣೆ ನೋಡ್ಕೊಂಡೂ ನಂಬಿಬಿಟ್ರು, ಅದೇ ಆಶ್ಚರ್ಯ!"

ಯಂತ್ರ ರಿಪೇರಿಯಾಯಿತು. ಅವಳು ಮಾತ್ರ ಇನ್ನು ಆ ಕಾಂಪೌಂಡಿಗೆ ಕಾಲಿಡಕೂಡದು ಎಂದಾಯಿತು. ಅವಳು ಬೇಡಿಕೊಂಡಿದ್ದಕ್ಕೆ ಹುಡುಗಿಯರ ಶನಿವಾರ ಉಳಿಯಿತು. ಆದರೆ ಒಂದು ವಾರ ತಪ್ಪಿದರೂ ಆ ದಿನ ಕಾಯಮ್ಮಾಗಿ ಬೇರೆ ಕಾಲೇಜಿಗೆ ಎಂಬ ಷರತ್ತು.

ಕೆಲವು ತಿಂಗಳ ಮೇಲೆ ಒಂದು ಶನಿವಾರ, ಆನೈಮಲೈಯ ಮಾಸಾಣಿ ಅಮ್ಮನ ದರ್ಶನ ಮುಗಿಸಿ ಬರುವಾಗ ಬಸ್ಸಿನ ಕಿಟಕಿಯಿಂದ ಕಂಡದ್ದು ನೋಡಿ ಬೆಚ್ಚಿಬಿದ್ದೆ. ಕಾಲೇಜಿನ ಗೇಟಿನೆದುರು ಮೋರಿಯ ಕಟ್ಟೆಯ ಮೇಲೆ, ಸುಡುಬಿಸಿಲಲ್ಲಿ, ನಮ್ಮ ರಾಜಿ! ಇಳಿದು ಓಡಿದೆ. ಒಳಗಿಂದ ಒಬ್ಬ ಹುಡುಗಿ ಯಂತ್ರ ಅಚ್ಚು ಹೊಡೆದ ಉದ್ದದ ಕಾಗದ ಹಿಡಿದು ಬಂದಳು. ರಾಜಿ ತಪ್ಪು ತೋರಿಸಿ, ಮತ್ತೆ ಒಳಗೆ ಅಟ್ಟಿದಳು.

"ಹೀಗೆ ಬೀದಿಯಲ್ಲಿ ಕೂರೋದಾ? ನಾಚಿಕೆಯಾಗಲ್ವೇನೇ?"

"ಒಳಗೆ ಬರಬ್ಯಾಡ ಅಂದ್ರು. ಹೊರಗೆ ಕೂರಬ್ಯಾಡ ಅಂತ ಯಾರೂ ಸೊಲ್ಲಲಿಲ್ಲವಲ್ಲ ಅತ್ತಿಗೆ!"

ಮರುವರ್ಷ ಒಂದು ಶುಕ್ರವಾರ ಸಂಜೆ ಎದೆನೋವೆಂದು ಮಲಗಿದವಳು ಏಳಲಿಲ್ಲ. ನರಳಲಿಲ್ಲ, ಅದೊಂದು ಅಮ್ಮನ ದಯೆ. ಶನಿವಾರ ಬೆಳಗ್ಗೆ ಹೆಣ ನಡುಮನೆಯಲ್ಲಿತ್ತು. ಹುಡುಗಿಯರು ಡಬ್ಬಗಳ ಸಮೇತ ಬಂದು ಗೋಳಾಡಿದರು. "ಇವತ್ತು ನಾವು ಹೋಗಲ್ಲ ಅಮ್ಮಾ," ಎಂದಳು ಒಬ್ಬಳು.

"ಹೋಗಿ," ಎಂದೆ. "ತಪ್ಪಿಸಬೇಡಿ."

ಅತ್ತೆ ಅಳು ನಿಲ್ಲಿಸಿ ನನ್ನನ್ನೇ ನೋಡಿದರು. ಸಾವಿನ ಮನೆಯಿಂದ ತಲೆಗೆ ನೀರು ಹಾಕಿಸದೆ ಯಾರನ್ನೂ ಕಳಿಸಿದವಳಲ್ಲ ನಾನು. ಆ ದಿನ ಕಾರ್ಡುಗಳು ನೆನೆಯದಂತೆ, ಕಣ್ಣೀರಿಂದ ಒದ್ದೆಯಾದ ಅವರ ಕೈಗಳನ್ನು ನನ್ನ ಸೆರಗಿನಲ್ಲೇ ಒರೆಸಿ, ಹಾಗೇ ಬಸ್ಸು ಹತ್ತಿಸಿ ಬಂದೆ.